ಮೂರು ನಿಮಿಷದ ತಟ್ಟೆ: ಭೀಮಸೇನ ಜೋಶಿ ಅವರ ಮೊದಲ ಧ್ವನಿಮುದ್ರಣ

ನರೇಗಲ್ ಸಮೀಪದ ಅಬ್ಬಿಗೇರಿ, ರೋಣ, ಗಜೇಂದ್ರಗಡ, ಇವೆಲ್ಲ ಜೋಳ, ಕಡಲೆ, ಹತ್ತಿ ಬೆಳೆಯುವ ಎರೆಮಣ್ಣಿನ ಊರುಗಳು. ಇಲ್ಲಿಯ ಹಾಡಿಗೆ ಮೊದಲಿನಿಂದಲೂ ನೆಲೆ ಕೊಟ್ಟದ್ದು ಗುಡಿಯ ಭಜನೆ, ಜಾತ್ರೆಯ ನಾಟಕ, ಡೊಳ್ಳಿನ ಪದ, ಮಠದ ಪುರಾಣ. ಇದೇ ಸೀಮೆಯ ರೋಣದಲ್ಲಿ 1922ರ ಫೆಬ್ರುವರಿ 4ರಂದು ಹುಟ್ಟಿದ ಭೀಮಸೇನ ಜೋಶಿ ಅವರ ಮೊದಲ ಧ್ವನಿಮುದ್ರಣವನ್ನು ಎಚ್‌ಎಂವಿ ಕಂಪನಿ 1942ರಲ್ಲಿ ಹೊರತಂದಿತು. ಮುಂದೆ ಖಯಾಲ್ ಗಾಯನದ ಅತಿ ದೊಡ್ಡ ಹೆಸರುಗಳಲ್ಲಿ ಒಂದಾದ ಈ ಗಾಯಕ ಮೊದಲು ಮುದ್ರಿಸಿದ್ದು ಖಯಾಲನ್ನಲ್ಲ, ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳನ್ನು.

ಜೀವನಚರಿತ್ರೆಗಳಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆದರೆ ಆ ತಟ್ಟೆಯ ಹಿಂದೆ ಗ್ರಾಮಫೋನಿನ ನಾಲ್ಕು ದಶಕಗಳ ಇತಿಹಾಸವಿದೆ, ಧಾರವಾಡ ಸೀಮೆಯ ಕೇಳುಗರ ಅಭಿರುಚಿಯಿದೆ. ಆ ಆಯ್ಕೆಯನ್ನು ಎಳೆಯ ಗಾಯಕನ ಸಣ್ಣ ಆರಂಭವೆಂದು ಬದಿಗಿಡುವುದು ಸರಿಯಲ್ಲ. ಜೋಶಿ ಅವರ ಸಂಗೀತಕ್ಕೆ ಕೊನೆಯವರೆಗೂ ಇದ್ದ ಎರಡು ಬೇರುಗಳಲ್ಲಿ ಒಂದು ಅಲ್ಲಿಯೇ ಕಾಣಿಸುತ್ತದೆ.

ಕೇಳಿ ಬೆಳೆದ ಪೀಳಿಗೆ

ಭಾರತದಲ್ಲಿ ಧ್ವನಿಮುದ್ರಣ ಮೊದಲಾದದ್ದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಅರಗಿನಿಂದ ತಯಾರಾದ ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು; ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. 1925ರ ಹೊತ್ತಿಗೆ ಮೈಕ್ರೋಫೋನ್ ಬಂದ ಮೇಲೆ ಕೊಳವೆಯ ಬಾಯಿಗೆ ಮುಖವಿಟ್ಟು ಕೂಗಿ ಹಾಡುವ ಕಷ್ಟ ತಪ್ಪಿತು. ಮೆಲುದನಿಯ ಗಾಯಕರೂ ತಟ್ಟೆಯಲ್ಲಿ ಸ್ಪಷ್ಟವಾಗಿ ಕೇಳಿಸತೊಡಗಿದರು.

ಧಾರವಾಡ ಸೀಮೆಯ ಮಟ್ಟಿಗೆ ಈ ತಟ್ಟೆಗಳ ಮಹತ್ವ ಇನ್ನೂ ಹೆಚ್ಚು. ಆಗ ರೋಣ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಅಲ್ಲಿಯವರೆಗೆ ದೊಡ್ಡ ಉಸ್ತಾದರ ದನಿ ಸಣ್ಣ ಊರಿನವರ ಕಿವಿಗೆ ಬೀಳಬೇಕಾದರೆ ಬೈಠಕ್ಕು ನಡೆಯಬೇಕು, ನಾಟಕ ಕಂಪನಿ ಬೀಡು ಬಿಡಬೇಕು, ಇಲ್ಲವೇ ಯಾರದಾದರೂ ಅಂಗಡಿಯಲ್ಲಿ ಗ್ರಾಮಫೋನ್ ತಿರುಗಬೇಕು.

ಬಾಲಕ ಭೀಮಸೇನ ಶಾಲೆಯಿಂದ ಬರುತ್ತ ಅಂಗಡಿಯ ಮುಂದೆ ನಿಂತು ಕೇಳುತ್ತಿದ್ದದ್ದು ಇಂಥ ತಟ್ಟೆಗಳನ್ನೇ. ಅದರಲ್ಲೂ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಒಂದು ಠುಮ್ರಿ ಅವರನ್ನು ಹಿಡಿದು ನಿಲ್ಲಿಸಿತು. ಅಜ್ಜ ಭೀಮಾಚಾರ್ಯರು ಸಂಗೀತಗಾರರು, ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು. ಮನೆಯಲ್ಲಿ ತಾಯಿ ಗೋದಾವರಿಬಾಯಿಯವರ ದೇವರ ಹಾಡು. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿ ಚಿಕ್ಕಪ್ಪ. ಕುರ್ತಕೋಟಿಯ ಚನ್ನಪ್ಪನವರಲ್ಲಿ ಭೈರವ, ಭೀಮಪಲಾಸಿಗಳ ಪಾಠವಾಯಿತು. ಬಾಗಲಕೋಟೆಯ ಶ್ಯಾಮಾಚಾರ್ಯರಲ್ಲಿ ಇನ್ನಷ್ಟು ಕಲಿಕೆ ನಡೆಯಿತು. ಅಷ್ಟಕ್ಕೆ ತೃಪ್ತಿಯಾಗಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರಿನ ಮಾಧವ ಸಂಗೀತ ಶಾಲೆ, ಲಖನೌ, ರಾಂಪುರ, ಕಲ್ಕತ್ತ ಎಂದು ಅಲೆದಾಟ ನಡೆಯಿತು. ಕೊನೆಗೆ ತಂದೆ ಜಲಂಧರದಲ್ಲಿ ಮಗನನ್ನು ಪತ್ತೆಹಚ್ಚಿ ಊರಿಗೆ ಕರೆತಂದರು.

ಇಲ್ಲೊಂದು ಚೋದ್ಯವಿದೆ. ಉತ್ತರದಲ್ಲೆಲ್ಲ ಹುಡುಕಿದ ಗುರು ಸಿಕ್ಕಿದ್ದು ಮನೆಯ ಹತ್ತಿರ, ಕುಂದಗೋಳದಲ್ಲಿ. ರಾಮಭಾವು ಕುಂದಗೋಳಕರ ಎಂಬ ಸವಾಯಿ ಗಂಧರ್ವರು ಕರೀಂ ಖಾನರ ನೇರ ಶಿಷ್ಯರು. ಮೀರಜದಲ್ಲಿ ನೆಲೆಸಿದ್ದ ಖಾನಸಾಹೇಬರು ಕುಂದಗೋಳದ ನಾಡಿಗೇರ ವಾಡೆಗೆ ಬಂದು ಹೋಗುತ್ತಿದ್ದರು. 1936ರಿಂದ 1940ರವರೆಗೆ ಭೀಮಸೇನರು ಗುರುವಿನ ಮನೆಯಲ್ಲಿದ್ದು ತೋಡಿ, ಮುಲ್ತಾನಿ, ಪೂರಿಯಾಗಳನ್ನು ತೀಡಿ ತೀಡಿ ಕಲಿತರು. ತಟ್ಟೆಯಲ್ಲಿ ಕೇಳಿ ಬೆರಗಾದ ಗಾಯನಶೈಲಿಯನ್ನು ಗುರುವಿನ ಬಾಯಿಂದಲೇ ಪಡೆದ ವರ್ಷಗಳಿವು.

ಭಕ್ತಿಗೀತೆ ಏಕೆ?

1941ರಲ್ಲಿ ಮೊದಲ ಕಛೇರಿ, ಮರುವರ್ಷ ಎಚ್‌ಎಂವಿಯ ತಟ್ಟೆ. ನಾಲ್ಕು ವರ್ಷ ರಾಗದ ಬಡಹತ್ (ಹಂತಹಂತದ ಬೆಳವಣಿಗೆ) ರೂಢಿಸಿಕೊಂಡ ಯುವಕ ಭಕ್ತಿಗೀತೆ ಹಾಡಿದ್ದಕ್ಕೆ ಮೊದಲ ಕಾರಣ ಕಾಲಮಿತಿ. ಕಿರಾಣಾ ಶೈಲಿಯ ಜೀವವಿರುವುದು ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರ ಬಿಡಿಸುವ ಆಲಾಪದಲ್ಲಿ. ಅದನ್ನು ಮೂರು ನಿಮಿಷಕ್ಕೆ ಇಳಿಸುವುದು ಪಳಗಿದ ಉಸ್ತಾದರಿಗೆ ಒಲಿದ ವಿದ್ಯೆ. ಕರೀಂ ಖಾನರ ತಟ್ಟೆಗಳಲ್ಲಿ ರಾಗದ ಮುಖ ಮೊದಲ ಆವರ್ತನದಲ್ಲೇ ಕಾಣಿಸಿಬಿಡುತ್ತದೆ. ಭಕ್ತಿಗೀತೆಯ ಪಲ್ಲವಿ, ಎರಡು ಮೂರು ಚರಣಗಳ ಅಳತೆಯಾದರೋ ತಟ್ಟೆಯ ಒಂದು ಬದಿಗೆ ತಾನಾಗಿ ಒಗ್ಗುತ್ತದೆ.

ಎರಡನೆಯ ಕಾರಣ ಕೇಳುಗರು. ಹುಬ್ಬಳ್ಳಿ, ಧಾರವಾಡ, ಗದಗುಗಳಲ್ಲಿ ಹಿಂದೂಸ್ತಾನಿ ಸಂಗೀತಕ್ಕೆ ಸಾಮಾನ್ಯ ಜನರ ಕಿವಿ ಹದಗೊಂಡದ್ದು ನಾಟಕದ ಹಾಡಿನಿಂದ, ಭಜನೆಯಿಂದ. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳ ರಂಗಗೀತೆಯಲ್ಲಿ ರಾಗಗಳು ಊರೂರಿಗೆ ತಿರುಗಿದ್ದವು. ಸವಾಯಿ ಗಂಧರ್ವರೂ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರೇ. ಗದುಗಿನ ಪಂಚಾಕ್ಷರ ಗವಾಯಿಗಳು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಕಲಿಸುತ್ತಿದ್ದರು. ಇಂಥ ಸೀಮೆಯ ಹೊಸ ಗಾಯಕನ ಹೆಸರನ್ನು ತಟ್ಟೆಯ ಮೇಲೆ ಅಚ್ಚು ಹಾಕುವ ಕಂಪನಿಗೆ ಜನರ ಬಾಯಲ್ಲಿದ್ದ ಬಗೆಯ ಹಾಡೇ ಭದ್ರ ದಾರಿಯಾಗಿತ್ತೆಂದು ತಿಳಿಯಲು ಅಡ್ಡಿಯಿಲ್ಲ. ಕನ್ನಡದ ಜೊತೆಗೆ ಹಿಂದಿಯನ್ನೂ ಸೇರಿಸಿದ್ದರಿಂದ ಅದೇ ದನಿಗೆ ಪ್ರಾಂತ್ಯದ ಆಚೆಯೂ ಗಿರಾಕಿಗಳು ಸಿಗುವಂತಿತ್ತು.

ಇದು ಈ ನೆಲಕ್ಕಷ್ಟೇ ಸೇರಿದ ಕಥೆಯಲ್ಲ. ಎಚ್‌ಎಂವಿಯಂತೆ ಅಮೆರಿಕದ ವಿಕ್ಟರ್ ಕಂಪನಿಯೂ ಗ್ರಾಮಫೋನಿನ ಮುಂದೆ ಕುಳಿತ ನಾಯಿಯ ಗುರುತನ್ನು ಬಳಸುತ್ತಿತ್ತು. ಅದರ ಪರವಾಗಿ ರಾಲ್ಫ್ ಪಿಯರ್ 1927ರ ಬೇಸಿಗೆಯಲ್ಲಿ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ಯಂತ್ರ ಹೂಡಿ ಗುಡ್ಡಗಾಡಿನ ಹಾಡುಗಾರರನ್ನು ಕರೆಸಿಕೊಂಡರು. ಅಲ್ಲಿ ಆಗಸ್ಟ್ 4ರಂದು ಜಿಮ್ಮಿ ರಾಜರ್ಸ್ ಮುದ್ರಿಸಿದ ಎರಡು ಹಾಡುಗಳೇ ಅವರ ಮೊದಲ ತಟ್ಟೆಯಾದವು; ಕಂಟ್ರಿ ಸಂಗೀತದ ಚರಿತ್ರೆ ಅವರನ್ನು ಆ ಪ್ರಕಾರದ ತಂದೆಯೆಂದೇ ಕರೆಯುತ್ತದೆ. ಪಿಯರ್ ಹುಡುಕುತ್ತಿದ್ದದ್ದೂ ಹಳ್ಳಿಯವರಿಗೆ ಪರಿಚಿತ ಧಾಟಿಯ, ತಟ್ಟೆಯ ಅಳತೆಗೆ ಹೊಂದುವ ಹಾಡುಗಳನ್ನು. ಸಂಗೀತ ಬೇರೆ, ಸಮಾಜ ಬೇರೆ. ತಟ್ಟೆಯ ಅಳತೆ ಮತ್ತು ಮಾರುಕಟ್ಟೆಯ ಒತ್ತಡ ಮಾತ್ರ ಎರಡೂ ಕಡೆ ಒಂದೇ.

ಧಾರವಾಡ ಸೀಮೆಯ ಇತರ ಗಾಯಕರನ್ನು ನೋಡಿದರೂ ತಟ್ಟೆಯ ಮಾರುಕಟ್ಟೆಯ ಈ ಪ್ರಭಾವ ಕಾಣುತ್ತದೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದರು. ಮಲ್ಲಿಕಾರ್ಜುನ ಮನಸೂರರು ಅದೇ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿ ದುಡಿದರು. ಖಯಾಲ್ ಕಲಾವಿದರು ಲಘು ಸಂಗೀತದ ನಂಟನ್ನೂ ಉಳಿಸಿಕೊಂಡದ್ದು ಅಂದಿನ ವಾಡಿಕೆ.

ತಟ್ಟೆ ಬಂದ ವರ್ಷವೂ ಸಾಮಾನ್ಯದ್ದಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ತಟ್ಟೆಗೆ ಬೇಕಾದ ಅರಗು ಯುದ್ಧಸಾಮಗ್ರಿಗೂ ಬೇಕಾಗಿ, ಅಮೆರಿಕದಲ್ಲಿ ಅದರ ಬಳಕೆಗೆ ಕಡಿವಾಣ ಬಿದ್ದಿತು. ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು.

ಉಳಿದುಕೊಂಡ ಎಳೆ

1943ರಲ್ಲಿ ಜೋಶಿ ಮುಂಬಯಿಗೆ ಹೋಗಿ ರೇಡಿಯೊ ಕಲಾವಿದರಾದರು. 1946ರಲ್ಲಿ ಪುಣೆಯಲ್ಲಿ ನಡೆದ ಗುರುವಿನ ಅರವತ್ತರ ಸಮಾರಂಭದ ಗಾಯನ ಅವರಿಗೆ ದೊಡ್ಡ ಹೆಸರು ತಂದಿತು. ತಟ್ಟೆಯ ಬದಿಗೆ ಇಪ್ಪತ್ತು ನಿಮಿಷ ಹಿಡಿಯುವ ಎಲ್‌ಪಿ ಬಂದ ಮೇಲೆ ವಿಲಂಬಿತ ಖಯಾಲಿಗೆ ಮುದ್ರಣದಲ್ಲಿ ಜಾಗ ಸಿಕ್ಕಿತು. 1942ರ ತಟ್ಟೆಯಲ್ಲಿ ಹಿಡಿಸದಿದ್ದ ಸಂಗೀತ ಆಗ ಪೂರ್ಣವಾಗಿ ಹೊರಬಂತು.

ಆದರೂ ಮೊದಲ ತಟ್ಟೆಯ ದಾರಿಯನ್ನು ಅವರು ಬಿಡಲಿಲ್ಲ. ಮರಾಠಿ ಕೇಳುಗರಿಗೆ ಅಭಂಗಗಳು, ಕನ್ನಡಿಗರಿಗೆ ದಾಸರ ಪದಗಳು ಅವರ ದನಿಯಲ್ಲೇ ಮನೆಮನೆಯ ಮಾತಾದವು. ಅ.ನ. ಕೃಷ್ಣರಾಯರ ಕಾದಂಬರಿ ಆಧರಿಸಿದ 1966ರ ‘ಸಂಧ್ಯಾರಾಗ’ ಚಿತ್ರದಲ್ಲಿಯೂ ಹಾಡಿದರು. 1986ರಲ್ಲಿ ಪ್ಲಾಟಿನಂ ಡಿಸ್ಕ್ ಗೌರವ ಸಂದಿತು; 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಕಛೇರಿಯಲ್ಲಿ ತೋಡಿ, ಪೂರಿಯಾ ಹಾಡಿ ಕೊನೆಗೆ ಪುರಂದರದಾಸರಿಗೋ ತುಕಾರಾಮರಿಗೋ ಬರುವ ಅವರ ಪದ್ಧತಿಯನ್ನು ಕೆಲವರು ಜನಪ್ರಿಯತೆಗಾಗಿ ಮಾಡಿದ ರಿಯಾಯಿತಿ ಎಂದದ್ದುಂಟು. 1942ರ ಮುದ್ರಣ ಆ ಮಾತಿಗೆ ಉತ್ತರ ಕೊಡುತ್ತದೆ. ಖ್ಯಾತಿ ಬರುವ ಮೊದಲೇ, ಇಪ್ಪತ್ತರ ವಯಸ್ಸಿನಲ್ಲಿ, ಅವರು ಭಕ್ತಿಗೀತೆಯ ಗಾಯಕರಾಗಿದ್ದರು. ಮನೆಯಲ್ಲಿ ಕೇಳಿದ ದೇವರ ಹಾಡು ಮತ್ತು ಕುಂದಗೋಳದ ತಾಲೀಮು ಅವರೊಳಗೆ ಜೊತೆಯಾಗಿಯೇ ಬೆಳೆದವು.

ಒಂದೇ ತಟ್ಟೆ ಇಷ್ಟೆಲ್ಲ ಹೇಳಬಲ್ಲದು; ಆದ್ದರಿಂದ ಅಬ್ಬಿಗೇರಿ, ನರೇಗಲ್, ರೋಣದ ಹಳೆಯ ಮನೆಗಳ ಅಟ್ಟದಲ್ಲಿರುವ 78 ಸುತ್ತಿನ ತಟ್ಟೆಗಳು ಸಂಶೋಧಕರಿಗೆ ಅಮೂಲ್ಯ. ತಟ್ಟೆಯ ನಡುವಿನ ಚೀಟಿಯಲ್ಲಿ ಗಾಯಕರ ಹೆಸರು, ಭಾಷೆ, ಹಾಡಿನ ಬಗೆ, ಕಂಪನಿಯ ಅನುಕ್ರಮ ಸಂಖ್ಯೆ ಇರುತ್ತವೆ. ಮುದ್ರಣದ ಕಾಲವನ್ನು ಗುರುತಿಸಲು ಆ ಸಂಖ್ಯೆಯೇ ಆಧಾರ. ಬಿರುಕು ಬಿಟ್ಟ ತಟ್ಟೆಯನ್ನೂ ಗುಜರಿಗೆ ಹಾಕುವ ಮುನ್ನ ಎರಡೂ ಬದಿಯ ಚೀಟಿಗಳ ಫೋಟೊ ತೆಗೆದು ಧಾರವಾಡ, ಗದಗಿನ ಸಂಗೀತ ವಿಭಾಗಗಳಿಗೆ ತಲುಪಿಸಿದರೆ, ಈ ಸೀಮೆಯ ಮನೆಗಳು ಯಾವ ಕಾಲದಲ್ಲಿ ಯಾರ ಹಾಡನ್ನು ಕೊಂಡು ಕೇಳಿದವು ಎಂಬುದರ ಪಟ್ಟಿಯನ್ನು ಊರೂರಿನಿಂದಲೇ ಕಟ್ಟಬಹುದು.