ಕಟ್ಟಡ ಕಾರ್ಮಿಕರು ಮತ್ತು ಮಾನವ ಕಳ್ಳಸಾಗಣೆ: ಕಾರವಾರ–ಅಂಕೋಲಾದಲ್ಲಿ ಪ್ರಮಾಣದ ಅಂದಾಜು

ಮೋಸ, ಬೆದರಿಕೆ ಅಥವಾ ಆಮಿಷ ಒಡ್ಡಿ ಜನರನ್ನು ಶೋಷಣೆಗೆಂದು ಕರೆತರುವುದನ್ನು, ಇರಿಸಿಕೊಳ್ಳುವುದನ್ನು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಕಳ್ಳಸಾಗಣೆ ಎನ್ನುತ್ತದೆ. ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ದಶಕಗಳಿಂದ ದೊಡ್ಡ ಕಾಮಗಾರಿಗಳು ಒಂದರ ಹಿಂದೊಂದು ನಡೆದಿವೆ: ಕೈಗಾ ಅಣುವಿದ್ಯುತ್ ಸ್ಥಾವರ, ಕೊಂಕಣ ರೈಲು, 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಐಎನ್‌ಎಸ್ ಕದಂಬ ಎಂದು ಸೇವೆಗೆ ಸೇರಿದ ಸೀಬರ್ಡ್ ನೌಕಾನೆಲೆ, ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ. ಇಂಥ ಕಡೆ ದುಡಿಯುವ ವಲಸೆ ಕಾರ್ಮಿಕರಲ್ಲಿ ಎಷ್ಟು ಮಂದಿ ಕಳ್ಳಸಾಗಣೆಗೆ ಸಿಕ್ಕವರು ಎಂಬುದನ್ನು ಪೊಲೀಸ್ ಪ್ರಕರಣಗಳಿಂದ ತಿಳಿಯಲಾಗದು. ಠಾಣೆಯವರೆಗೆ ಬರಬಲ್ಲವನು ಅರ್ಧ ಬಿಡುಗಡೆಯಾದವನು. ಬರಲಾಗದವರದೇ ಇಲ್ಲಿನ ಪ್ರಶ್ನೆ.

ಏನನ್ನು ಅಳೆಯಬೇಕು ಎಂಬುದಕ್ಕೆ ಕೂಲಿಯ ಲೆಕ್ಕವೇ ದಾರಿ ತೋರುತ್ತದೆ. ಊರಲ್ಲಿ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಕೆಲಸಕ್ಕೆ ಬಂದ ಮೇಲೆ ವಾರದ ಖರ್ಚಿಗಷ್ಟೇ ಹಣ, ಉಳಿದ ಪಗಾರ ಕೊನೆಯ ಲೆಕ್ಕಕ್ಕೆ. ಬಾಕಿ ಬೆಳೆದಷ್ಟೂ ಬಿಟ್ಟುಹೋಗುವುದು ಕಷ್ಟ. ಶೆಡ್ಡಿಗೆ ಬೀಗ ಹಾಕಬೇಕಾಗಿಲ್ಲ. ಹೇಳಿದ ಕೂಲಿ ಸಿಕ್ಕಿತೇ, ಆಧಾರ್ ಕಾರ್ಡ್ ಯಾರ ಬಳಿ ಇದೆ, ನಾಳೆ ಹೊರಟರೆ ಬಾಕಿ ಕೈಗೆ ಬರುತ್ತದೆಯೇ ಎಂದು ಕೇಳುವ ಸಮೀಕ್ಷೆಯೇ ಸತ್ಯದ ಹತ್ತಿರ ಹೋಗಬಲ್ಲದು. ಮುಂಗಡ ಹಳೆಯ ಪದ್ಧತಿ, ಅವರೇ ಒಪ್ಪಿ ಬಂದವರು ಎಂಬ ಆಕ್ಷೇಪವಿದೆ. ಆದರೆ 143ನೇ ಕಲಂ ಬಲಿಪಶುವಿನ ಒಪ್ಪಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲದ ಹೆಸರಲ್ಲಿ ಬೇರೆ ಕೆಲಸಕ್ಕೆ ಹೋಗದಂತೆ ತಡೆದರೆ 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ಅದನ್ನು ಜೀತವೆನ್ನುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ವ್ಯಾಖ್ಯೆ ಹಿಗ್ಗಿಸಿದರೆ ಬಡತನವೆಲ್ಲ ಕಳ್ಳಸಾಗಣೆಯಾಗುತ್ತದೆ. ದೆಹಲಿ ಏಷ್ಯಾಡ್ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದಿತು. ಹಕ್ಕಿನ ದೃಷ್ಟಿಯಿಂದ ಅದು ಅಮೂಲ್ಯ ತೀರ್ಪು. ಎಣಿಕೆಯಲ್ಲಿ ಮಾತ್ರ ಬಲವಂತದ ದುಡಿಮೆಯನ್ನೂ, ಮೋಸದ ನೇಮಕ ಮತ್ತು ಹಿಡಿತ ಎರಡೂ ಕೂಡಿದ ಕಳ್ಳಸಾಗಣೆಯನ್ನೂ ಬೇರೆ ಬೇರೆಯಾಗಿ ಕೊಡಬೇಕು. ಒಂದೇ ಸಂಖ್ಯೆಯಲ್ಲಿ ಬೆರೆಸಿದರೆ ಎರಡರ ಗಾಂಭೀರ್ಯವೂ ಕೆಡುತ್ತದೆ.

ಯಾರನ್ನು ಕೇಳುವುದು ಎಂಬುದು ಇಲ್ಲಿ ಇನ್ನೂ ಕಠಿಣ. ನೌಕಾನೆಲೆ, ಅಣುಸ್ಥಾವರಗಳ ಒಳಗೆ ಸಮೀಕ್ಷಕರಿಗೆ ಮುಕ್ತ ಪ್ರವೇಶವಿಲ್ಲ. ಕಾರವಾರದ ಭಾನುವಾರದ ಸಂತೆಯಲ್ಲಿ ಸಿಗುವವರು ಸಂತೆಗೆ ಬರುವಷ್ಟು ಬಿಡುವೂ ಕಾಸೂ ಇರುವವರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇರುವವರ ಪಟ್ಟಿ ಹಿಡಿದರೂ ದಾಖಲೆ ಇಲ್ಲದವರು ಬಿಟ್ಟುಹೋಗುತ್ತಾರೆ. ಇದಕ್ಕೆ ಒಂದು ಉಪಾಯ, ಒಬ್ಬ ಕಾರ್ಮಿಕ ತನ್ನ ಪರಿಚಿತರನ್ನು ತೋರಿಸುತ್ತ ಹೋಗುವ ಸರಪಳಿ ಮಾದರಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ದಾಖಲೆಯಿಲ್ಲದ ಸ್ಪ್ಯಾನಿಷ್ ಭಾಷಿಕ ಕೂಲಿಕಾರರ ನಡುವೆ ಹೀಗೆ ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಲ್ಲಿ ಶೇ. 30ಕ್ಕೂ ಹೆಚ್ಚು ಮಂದಿ ಕಳ್ಳಸಾಗಣೆಯ ಬಲಿಪಶುಗಳು. ಆ ಪ್ರಮಾಣವನ್ನು ಕರಾವಳಿಗೆ ಎತ್ತಿತಂದು ಅಂಟಿಸುವುದು ತಪ್ಪು, ವಿಧಾನವನ್ನು ತರಬಹುದು. ಆದರೆ ಇಲ್ಲಿ ಪರಿಚಯದ ಸರಪಳಿ ಬಹುಪಾಲು ಒಬ್ಬ ಮೇಸ್ತ್ರಿಯ ತಂಡದೊಳಗೇ ಸುತ್ತುವ ಅಪಾಯವಿದೆ. ಅದಕ್ಕೇ ಬೇರೆ ಬೇರೆ ಊರು, ಭಾಷೆ, ಕೆಲಸಗಳಿಂದ ಹಲವು ಸರಪಳಿಗಳನ್ನು ಆರಂಭಿಸಬೇಕು. ಜೊತೆಗೆ, ಮಳೆಗಾಲದಲ್ಲಿ ಕೆಲಸ ಇಳಿದು ಊರಿಗೆ ಮರಳಿದವರನ್ನು ಅವರ ಮನೆಯಲ್ಲೇ ಕೇಳಬೇಕು. ಮೇಸ್ತ್ರಿಯ ಕಣ್ಣಳತೆಯಿಂದ ಆಚೆ ಬಾಕಿ ಪಗಾರದ ಮಾತನ್ನು ಆಡುವುದು ಸುಲಭ. ಜೊತೆಗೆ ಹೋಗಿ ಇನ್ನೂ ಮರಳದವರು ಯಾರೆಂದು ಹೇಳಬಲ್ಲವರೂ ಅವರೇ.