ನರ್ಮದೆಯ ದಡದಲ್ಲಿ ಬ್ಯಾಂಕಿಗೆ ಲೆಕ್ಕದ ಪಾಠ

ಸಾಲ ಕೊಡುವ ಬ್ಯಾಂಕು ಮೊದಲು ಏನನ್ನು ನೋಡುತ್ತದೆ? ಅಡಮಾನ, ಜಾಮೀನು, ಸಾಲಗಾರನ ವರಮಾನ. ಆ ಹಣದಿಂದ ಕಟ್ಟಿದ್ದು ಯಾರ ಮನೆಯನ್ನು ಮುಳುಗಿಸುತ್ತದೆ ಎಂಬುದು ಬ್ಯಾಂಕಿನ ತಲೆನೋವಲ್ಲ ಎಂದೇ ಬಹುಕಾಲ ತಿಳಿಯಲಾಗಿತ್ತು. ಇಂದು ಜಗತ್ತಿನ ದೊಡ್ಡ ಬ್ಯಾಂಕುಗಳು ಯೋಜನೆಗೆ ಹಣ ಬಿಡುಗಡೆ ಮಾಡುವ ಮುನ್ನ ಪರಿಸರದ ಮೇಲೆ, ಜನರ ಮೇಲೆ ಆಗುವ ಪರಿಣಾಮದ ವರದಿ ಕೇಳುತ್ತವೆ. ಈ ಬದಲಾವಣೆಯಲ್ಲಿ ನಮ್ಮ ನರ್ಮದೆಯ ಪಾಲು ಸಣ್ಣದಲ್ಲ.

1985ರಲ್ಲಿ ವಿಶ್ವಬ್ಯಾಂಕ್ ಗುಜರಾತಿನ ಸರ್ದಾರ್ ಸರೋವರ ಅಣೆಕಟ್ಟು ಹಾಗೂ ಕಾಲುವೆಗಳಿಗೆ 45 ಕೋಟಿ ಡಾಲರ್ ಕೊಡಲು ಒಪ್ಪಿತು. ಆಗ ಬ್ಯಾಂಕಿಗೆ ನಿಯಮಗಳೇ ಇರಲಿಲ್ಲ ಎನ್ನುವಂತಿಲ್ಲ. 1970ರಲ್ಲೇ ಅದು ಪರಿಸರ ಸಲಹೆಗಾರರೊಬ್ಬರನ್ನು ನೇಮಿಸಿಕೊಂಡಿತ್ತು. 1980ರಲ್ಲಿ ಪುನರ್ವಸತಿ ನೀತಿಯನ್ನೂ ರೂಪಿಸಿತ್ತು. ಆದರೂ ಸಾಲದ ಒಪ್ಪಂದವಾದಾಗ ಯೋಜನೆಗೆ ಕೇಂದ್ರ ಸರ್ಕಾರದ ಪರಿಸರ ಅನುಮತಿ ಸಿಕ್ಕಿರಲಿಲ್ಲ. ಅದು ದೊರೆತದ್ದು 1987ರಲ್ಲಿ, ಅದೂ ಷರತ್ತಿನ ಮೇಲೆ. ಬಾಕಿ ಉಳಿದ ಅಧ್ಯಯನಗಳನ್ನು ಕಾಮಗಾರಿಯ ಜೊತೆಜೊತೆಗೇ ಮುಗಿಸಬೇಕಿತ್ತು. ಗೋಡೆ ಏಳುತ್ತಿರುವಾಗ ತಳಪಾಯದ ಮಣ್ಣು ಪರೀಕ್ಷಿಸಿದ ಹಾಗೆ!

1990ರ ಡಿಸೆಂಬರ್‌ನಲ್ಲಿ ಬಾಬಾ ಆಮ್ಟೆ, ಮೇಧಾ ಪಾಟ್ಕರ್ ಅವರೊಡನೆ ಸಾವಿರಾರು ಜನ ಅಣೆಕಟ್ಟಿನತ್ತ ನಡೆದು ಹೊರಟರು. ಗುಜರಾತ್ ಗಡಿಯ ಫೆರ್ಕುವಾದಲ್ಲಿ ಅವರನ್ನು ತಡೆಯಲಾಯಿತು. ಅಲ್ಲೇ ಉಪವಾಸ ಆರಂಭವಾಯಿತು. ಸುದ್ದಿ ವಾಷಿಂಗ್ಟನ್ನಿಗೂ ಮುಟ್ಟಿತು. ಒತ್ತಡ ಹೆಚ್ಚಾಗಿ ಬ್ಯಾಂಕಿನ ಅಧ್ಯಕ್ಷ ಬಾರ್ಬರ್ ಕೊನಬಲ್ 1991ರಲ್ಲಿ ಸ್ವತಂತ್ರ ಸಮಿತಿಯೊಂದನ್ನು ನೇಮಿಸಿದರು. ಬ್ಯಾಂಕು ತಾನು ಹಣ ಹೂಡಿದ ಯೋಜನೆಯನ್ನು ಹೊರಗಿನವರಿಂದ ಹೀಗೆ ಪರಿಶೀಲಿಸಿದ್ದು ಅದೇ ಮೊದಲು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಬ್ರಾಡ್‌ಫರ್ಡ್ ಮೋರ್ಸ್ ಸಮಿತಿಯ ಅಧ್ಯಕ್ಷರು. ಉಪಾಧ್ಯಕ್ಷರು ಕೆನಡಾದ ನ್ಯಾಯಶಾಸ್ತ್ರಜ್ಞ ಥಾಮಸ್ ಬರ್ಗರ್.

ಸಮಿತಿ 1992ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಮುಖ್ಯವಾದದ್ದು ಎಣಿಕೆಯ ಪ್ರಶ್ನೆ. ಮೂರು ರಾಜ್ಯಗಳ 245 ಹಳ್ಳಿಗಳಲ್ಲಿ ಕನಿಷ್ಠ 1 ಲಕ್ಷ ಜನ ಮುಳುಗಡೆ ಪ್ರದೇಶದಲ್ಲಿದ್ದರು. ಇವರ ಲೆಕ್ಕ ಹೇಗೋ ಕಾಗದದ ಮೇಲಿತ್ತು. ಆದರೆ ಕಾಲುವೆ ಜಾಲದಿಂದ ಸುಮಾರು 1.4 ಲಕ್ಷ ರೈತರಿಗೆ ತೊಂದರೆಯಾಗಲಿತ್ತು. ಅವರು ಸಂತ್ರಸ್ತರ ಪಟ್ಟಿಯಲ್ಲೇ ಇರಲಿಲ್ಲ! ಇನ್ನೊಂದು ಗುಂಪು ಕಾಡಂಚಿನ ಆದಿವಾಸಿಗಳದು. ನಮ್ಮಲ್ಲಿ ಬಗರ್‌ಹುಕುಂ ಎನ್ನುತ್ತೇವಲ್ಲ, ಅಂಥ ಸಾಗುವಳಿ ಅವರದು. 1979ರ ನ್ಯಾಯಮಂಡಳಿ ತೀರ್ಪಿನಂತೆ, ಕಾಲು ಭಾಗಕ್ಕಿಂತ ಹೆಚ್ಚು ಜಮೀನು ಕಳೆದುಕೊಳ್ಳುವ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರ್ ಭೂಮಿ ಸಿಗಬೇಕು. ಆದರೆ ಪಟ್ಟಾ ಇಲ್ಲದವರನ್ನು ಒತ್ತುವರಿದಾರರೆಂದು ಕಂಡಾಗ, ತಲೆತಲಾಂತರದಿಂದ ಉತ್ತವರೂ ಭೂರಹಿತರಾಗಿಬಿಡುತ್ತಾರೆ. ಪರಿಣಾಮದ ಮೌಲ್ಯಮಾಪನ ಎಂಬ ಒಣ ಮಾತಿನ ಒಳಗೆ ಅಡಗಿರುವುದು ಇದೇ. ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು?

ಬ್ಯಾಂಕು ಹಿಂದೆ ಸರಿಯುವುದೇ ಲೇಸು ಎಂದು ಮೋರ್ಸ್ ಸಮಿತಿ ಹೇಳಿತು. ಬ್ಯಾಂಕಿಗೆ ಅದು ಒಮ್ಮೆಲೇ ರುಚಿಸಲಿಲ್ಲ. ಅಮೆರಿಕ, ಜರ್ಮನಿ, ಜಪಾನ್ ಮೊದಲಾದ ದೇಶಗಳ ಪ್ರತಿನಿಧಿಗಳು ವಿರೋಧಿಸಿದರೂ, 1992ರ ಅಕ್ಟೋಬರ್‌ನಲ್ಲಿ ಆಡಳಿತ ಮಂಡಳಿ ಆರು ತಿಂಗಳ ಗಡುವು ಮತ್ತು ಷರತ್ತುಗಳೊಂದಿಗೆ ನೆರವು ಮುಂದುವರಿಸಿತು. ಗಡುವು ಮುಗಿಯುವ ಹೊತ್ತಿಗೆ, 1993ರ ಮಾರ್ಚ್ ಕೊನೆಯಲ್ಲಿ, ಉಳಿದ ಸಾಲ ಬೇಡವೆಂದು ಭಾರತ ಸರ್ಕಾರವೇ ತಿಳಿಸಿತು.

ಅದೇ ಸೆಪ್ಟೆಂಬರ್‌ನಲ್ಲಿ ವಿಶ್ವಬ್ಯಾಂಕ್ ಮೂವರು ಸದಸ್ಯರ ತಪಾಸಣಾ ಮಂಡಳಿಯನ್ನು ಸ್ಥಾಪಿಸಿತು. ಬ್ಯಾಂಕು ತನ್ನ ನಿಯಮ ತಾನೇ ಮುರಿದಿದೆ ಎಂದು ಸಂತ್ರಸ್ತರು ನೇರವಾಗಿ ಅಲ್ಲಿಗೆ ದೂರು ಕೊಡಬಹುದು. ನನ್ನ ದೃಷ್ಟಿಯಲ್ಲಿ ನರ್ಮದೆಯಿಂದ ಬಂದ ದೊಡ್ಡ ಬದಲಾವಣೆ ಇದು. ಸಾಲ ಕೊಟ್ಟವನೇ ತೀರ್ಪನ್ನೂ ಕೊಡುತ್ತಿದ್ದ ಪದ್ಧತಿಗೆ ಸ್ವಲ್ಪವಾದರೂ ಕಡಿವಾಣ ಬಿತ್ತು. ಮಂಡಳಿಯ ಮುಂದೆ ಬಂದ ಮೊದಲ ದೂರು ನೇಪಾಳದ ಅರುಣ್ ಜಲವಿದ್ಯುತ್ ಯೋಜನೆಯದು. 1995ರಲ್ಲಿ ಬ್ಯಾಂಕು ಅದರಿಂದಲೂ ಹೊರಬಂದಿತು. ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಕಳೆದುಕೊಂಡು ನವನಗರ ಸೇರಿದ ಬಾಗಲಕೋಟೆಯವರಿಗೆ ಈ ಪುನರ್ವಸತಿಯ ಲೆಕ್ಕಾಚಾರ ಹೊಸದೇನಲ್ಲ.

ಖಾಸಗಿ ಬ್ಯಾಂಕುಗಳಿಗೆ ಇನ್ನೂ ಹತ್ತು ವರ್ಷ ಹಿಡಿಯಿತು. 2003ರ ಜೂನ್‌ನಲ್ಲಿ ಸಿಟಿಗ್ರೂಪ್, ಬಾರ್ಕ್ಲೇಸ್ ಸೇರಿದಂತೆ ಹತ್ತು ಬ್ಯಾಂಕುಗಳು ‘ಈಕ್ವೇಟರ್ ತತ್ವ’ಗಳನ್ನು ಒಪ್ಪಿಕೊಂಡವು. 5 ಕೋಟಿ ಡಾಲರಿಗೂ ಮೀರಿದ ಯೋಜನೆಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಬೇಕು. ಮೊದಲ ವರ್ಗದ್ದಾದರೆ ಸಂಪೂರ್ಣ ಅಧ್ಯಯನವಾಗಬೇಕು, ಸ್ಥಳೀಯರ ಮಾತನ್ನೂ ಕೇಳಬೇಕು. 2006ರಲ್ಲಿ ಈ ಮಿತಿಯನ್ನು 1 ಕೋಟಿ ಡಾಲರಿಗೆ ಇಳಿಸಲಾಯಿತು. ನಮ್ಮಲ್ಲಿ ಸೆಬಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳಿಗೆ ಸುಸ್ಥಿರತೆಯ ವರದಿಯನ್ನು 2022–23ರಿಂದ ಕಡ್ಡಾಯ ಮಾಡಿದೆ.

ಅತ್ತ ಸರ್ದಾರ್ ಸರೋವರ ನಿಲ್ಲಲಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ನಿರ್ಮಾಣಕ್ಕೆ ಅವಕಾಶ ಕೊಟ್ಟಿತು. 2017ರಲ್ಲಿ ಅಣೆಕಟ್ಟು 138.68 ಮೀಟರ್ ಎತ್ತರದೊಂದಿಗೆ ಲೋಕಾರ್ಪಣೆಯಾಯಿತು. ಬ್ಯಾಂಕು ಹೊರನಡೆದ 1993ರಲ್ಲೇ ಯೋಜನೆಯ ನಿಗಮ ಸಾರ್ವಜನಿಕರಿಗೆ ಬಾಂಡ್ ಮಾರಲು ಇಳಿದಿತ್ತು. ಇಂದು 3,600 ರೂಪಾಯಿ ಕಟ್ಟಿ, ಇಪ್ಪತ್ತು ವರ್ಷದ ನಂತರ 1,11,000 ರೂಪಾಯಿ ಪಡೆಯಿರಿ ಎಂಬುದು ಅದರ ಕರೆ. ಉಳಿತಾಯದ ಹಣವಿದ್ದ ಎಷ್ಟೋ ಸಾಮಾನ್ಯ ಕುಟುಂಬಗಳು ಅದನ್ನು ಕೊಂಡವು.