ಅಲ್ಪಭೂಕಂಪಗಳೂ ಅನುಪಲಬ್ಧಿಪ್ರಮಾಣವೂ

ಮೈಸೂರು ಸೀಮೆಯು ಸ್ಥಿರಭೂಮಿ, ಇಲ್ಲಿ ಭೂಕಂಪದ ಭಯವಿಲ್ಲವೆಂಬ ಮಾತನ್ನು ಬಹುಕಾಲದಿಂದ ಕೇಳುತ್ತ ಬಂದಿರುವೆವು. ನಮ್ಮ ಶಾಸನಗಳಲ್ಲಿ ಗ್ರಹಣ ಸಂಕ್ರಾಂತಿಗಳು ಕಾಣುವಂತೆ ಭೂಕಂಪಗಳು ಕಾಣುವುದಿಲ್ಲವೆಂಬುದನ್ನು ಇದಕ್ಕೆ ಆಧಾರವಾಗಿ ಹೇಳುವುದುಂಟು. ಈ ಯುಕ್ತಿಯು ಎಷ್ಟರಮಟ್ಟಿಗೆ ನಿಲ್ಲತಕ್ಕುದೆಂಬುದು ವಿಚಾರಣೀಯವಾಗಿದೆ.

ವೇದಾಂತಪರಿಭಾಷೆಯಲ್ಲಿ ಧರ್ಮರಾಜಾಧ್ವರೀಂದ್ರನು ಅನುಪಲಬ್ಧಿಗೆ ಯೋಗ್ಯತೆಯೆಂಬ ವಿಶೇಷಣವನ್ನು ಸೇರಿಸಿರುವನು. ಬೆಳಕಿನಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಬಹುದು; ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಅಲ್ಪಕಂಪದ ವಿಷಯದಲ್ಲಿ ಶಾಸನಕಾರರು ಕತ್ತಲೆಯಲ್ಲಿದ್ದವರೇ ಸರಿ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಭೂಕಂಪಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಜಲಚರಗಳು, ದಿಗ್ಗಜಗಳು, ವಾಯುಸಂಘರ್ಷ, ಅದೃಷ್ಟ ಎಂಬ ಮತಭೇದಗಳನ್ನು ಹೇಳಿರುವನು. ಆದರೂ ಆತನ ವಿಚಾರವು ಜನರಿಗೆ ಅನುಭವವಾದ ಕಂಪದ್ದೇ ಹೊರತು ಯಾರಿಗೂ ತಿಳಿಯದೆ ಕಳೆದುಹೋದುದರದಲ್ಲ.

ನಮ್ಮ ನಾಡಿನಲ್ಲಿ ಈ ಕತ್ತಲೆಗೆ ದೀಪವನ್ನಿಟ್ಟ ಊರು ಕೋಲಾರದ ಚಿನ್ನದ ಗಣಿ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ತಲಕಾಡನ್ನು ದಾಟಿ ಹರಿಯುವ ಕಾವೇರಿಗೂ ಆ ಗಣಿಗೂ ಒಂದು ನಂಟುಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಅಲ್ಲಿಗೇ. ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಗಣಿಗಳು ಆಳವಾದಂತೆಲ್ಲ, ಮೇಲಿನ ಭಾರವನ್ನು ತಾಳಲಾರದೆ ಬಂಡೆಗಳು ಹಠಾತ್ತಾಗಿ ಸಿಡಿಯತೊಡಗಿದುವು. ಗಣಿಯವರು ಇದನ್ನು 'ಏರ್ ಬ್ಲಾಸ್ಟ್' ಎಂದು ಕರೆದರು. ಬಂಡೆಯ ಕೆಲಸಕ್ಕೆ ಗಾಳಿಯ ಹೆಸರು! ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತರು 1904ರಲ್ಲಿಯೇ ಇದನ್ನು ಕುರಿತು ಬರೆದಿರುವರು. ಊರಿನಲ್ಲಿ ಪಾತ್ರೆಗಳು ಅಲುಗುವಷ್ಟರ ಕಂಪವು ಕೆಳಗೆ ಸುರಂಗವನ್ನು ಮುಚ್ಚಿ ಕೂಲಿಗಳ ಪ್ರಾಣವನ್ನು ತೆಗೆಯುತ್ತಿದ್ದಿತು. ಅವರಲ್ಲಿ ಬಹುಮಂದಿ ತಮಿಳು ತೆಲುಗು ಸೀಮೆಗಳಿಂದ ಬಂದ ಬಡವರು. ಅಲ್ಪವೆಂಬ ಶಬ್ದವು ಮೇಲೆ ನಿಂತವರದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಅಲ್ಲಿ ಕಂಪಲೇಖಕ ಯಂತ್ರವು ಬಂದಿತು. ಆದರೆ ಒಂದೇ ಯಂತ್ರವು ನೆಲ ನಡುಗಿತೆಂಬುದನ್ನೂ ಸುಮಾರು ದೂರವನ್ನೂ ಹೇಳಬಲ್ಲುದಲ್ಲದೆ, ಮೂರು ಸಾವಿರ ಮೀಟರಿಗೂ ಮಿಕ್ಕ ಆಳದ ಗಣಿಯಲ್ಲಿ ಯಾವ ಎಡೆ ಸಿಡಿಯಿತೆಂಬುದನ್ನು ಹೇಳಲಾರದು. 1970ರ ದಶಕದ ಕೊನೆಯ ಭಾಗದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದವರ ನೆರವಿನಿಂದ ಅನೇಕ ಗ್ರಾಹಕಗಳನ್ನು ಹತ್ತಿರ ಹತ್ತಿರದಲ್ಲಿ ನೆಟ್ಟು ಜಾಲವನ್ನೇರ್ಪಡಿಸಿದರು. ಜಾತ್ರೆಯಲ್ಲಿ ಹಾರಿಸಿದ ಕದಿನಿಯ ಶಬ್ದವು ಒಂದೊಂದು ಬೀದಿಗೂ ಒಂದೊಂದು ಕ್ಷಣದಲ್ಲಿ ಮುಟ್ಟುವುದಷ್ಟೆ. ಆ ಕ್ಷಣಭೇದಗಳು ತಿಳಿದರೆ ಕದಿನಿಯ ಸ್ಥಾನವನ್ನು ಗಣಿಸಬಹುದು. ಜಾಲದ ತತ್ತ್ವವೂ ಇದೇ. ಗ್ರಾಹಕಗಳು ಒತ್ತಾದಂತೆ ಹಿಂದೆ ಲೆಕ್ಕಕ್ಕೆ ಸಿಕ್ಕದಿದ್ದ ಕಿರುಕಂಪಗಳೂ ಸಿಕ್ಕುವುವು. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಗ್ರಾಹಕಪಂಕ್ತಿಯ ಉದ್ದೇಶವು ಬೇರೆ. ದೂರದೇಶಗಳ ಪರಮಾಣುಸ್ಫೋಟಗಳನ್ನು ಕೇಳುವುದಕ್ಕಾಗಿ ಅದು ಹುಟ್ಟಿತು.

ನಗರದಲ್ಲಿ ಇದಕ್ಕೆ ವಿಪರೀತವಾದ ದೋಷವೂ ಉಂಟು. ಬಂಡಿಗಳ ಓಡಾಟ, ಯಂತ್ರಗಳ ಸದ್ದು, ಗಣಿಯ ಮದ್ದಿನ ಸಿಡಿತ ಇವೆಲ್ಲವೂ ಕಂಪದ ವೇಷದಲ್ಲಿ ತೋರುವುವು, ಶುಕ್ತಿರಜತನ್ಯಾಯ. ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರದಲ್ಲಿ 2011ರಲ್ಲಿ ತೈಲಶೋಧನೆಗಾಗಿ ನೆಟ್ಟ 5,000ಕ್ಕೂ ಮಿಕ್ಕ ಗ್ರಾಹಕಗಳ ದಾಖಲೆಗಳಿಂದ, ಭೂಪಟಲದ ಕೆಳಗೂ ಕಿರುಕಂಪಗಳಾಗುತ್ತಿವೆಯೆಂದು 2016ರಲ್ಲಿ ಪ್ರತಿಪಾದಿಸಿದರು. 2022ರಲ್ಲಿ ಬೇರೆ ವಿದ್ವಾಂಸರು ನಗರದ ಸದ್ದನ್ನು ಸೋಸಿ ನೋಡಲಾಗಿ ಅದಕ್ಕೆ ಬಲವಾದ ಸಾಕ್ಷ್ಯವು ದೊರೆಯಲಿಲ್ಲ.

ಆದುದರಿಂದ ಶಾಸನಗಳ ಮೌನವು ಮಹಾಕಂಪಗಳ ವಿಷಯದಲ್ಲಿ ಸ್ವಲ್ಪ ಬೆಲೆಯುಳ್ಳದ್ದಾದರೂ ಅಲ್ಪಕಂಪಗಳ ವಿಷಯದಲ್ಲಿ ಏನನ್ನೂ ಸಾಧಿಸದು. ಜೀರ್ಣೋದ್ಧಾರದ ಶಾಸನವು ಗೋಡೆ ಬಿರಿದುದಕ್ಕೆ ಕಾರಣವನ್ನು ಹೇಳದಿರುವಲ್ಲಿ, ಕಾಲವನ್ನೋ ಶತ್ರುವನ್ನೋ ನಾವೇ ಊಹಿಸಿ ತುಂಬುವುದು ಯುಕ್ತವಲ್ಲ. ಕೋಲಾರದ ಗಣಿಗಳನ್ನು 2001ನೆಯ ಫೆಬ್ರವರಿ 28ರಂದು ಮುಚ್ಚಿದರು. ಬಳಿಕ ಸುರಂಗಗಳಲ್ಲಿ ನೀರು ತುಂಬುತ್ತ ಬಂದಾಗಲೂ ಅಲ್ಲಿಯ ನೆಲವು ನಡುಗಿರುವುದು.